ತೊಳೆದರೂ ಹಳದಿಯಾಗುವ ಫೈಬರ್ ಪ್ರಿಂಟ್: ಮನೆಯ ಡಾರ್ಕ್‌ರೂಮಿನಲ್ಲಿ ದೋಷ ಪತ್ತೆ ಮತ್ತು ನಿವಾರಣೆ

ಗಂಟೆಗಟ್ಟಲೆ ನಲ್ಲಿ ಬಿಟ್ಟು ತೊಳೆದ ಫೈಬರ್ ಪ್ರಿಂಟು (ಪ್ಲಾಸ್ಟಿಕ್ ಪದರವಿಲ್ಲದ ಕಾಗದದ ಮೇಲೆ ಮಾಡಿದ ಕಪ್ಪುಬಿಳುಪು ಫೋಟೋ) ಕೆಲವೇ ತಿಂಗಳಲ್ಲಿ ಹಳದಿಗಟ್ಟಿದರೆ, ಮುಂದಿನ ಸಲ ಇನ್ನೊಂದು ಗಂಟೆ ಹೆಚ್ಚು ತೊಳೆದರಾಯಿತು ಎಂದು ಅನ್ನಿಸುವುದು ಸಹಜ. ಹಾಗೆ ಮಾಡಿದರೆ ನೀರು ಖಾಲಿಯಾಗುತ್ತದೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ತೊಳೆದದ್ದು ಸಾಲದು ಎಂದು ನಾವು ದೂರುವ ದೋಷಗಳಲ್ಲಿ ಹೆಚ್ಚಿನವು ಹುಟ್ಟುವುದು ಫಿಕ್ಸರ್ ಟ್ರೇಯಲ್ಲಿ, ಅಂದರೆ ಚಿತ್ರವಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯುವ ದ್ರಾವಣದಲ್ಲಿ. ಪ್ರಿಂಟು ನೀರಿಗೆ ಬರುವ ಹೊತ್ತಿಗೆ ಅವು ಕಾಗದದೊಳಗೆ ಕೂತಾಗಿರುತ್ತವೆ. ಆದ್ದರಿಂದ ನಲ್ಲಿಯನ್ನು ಆಮೇಲೆ ನೋಡೋಣ, ಮೊದಲು ಎರಡು ಹನಿ ಪರೀಕ್ಷೆ ಮಾಡಿ.

ಕಾಗದದೊಳಗೆ ಏನು ಉಳಿಯುತ್ತದೆ

ಆರ್‌ಸಿ (ರೆಸಿನ್ ಕೋಟೆಡ್) ಪೇಪರಿನ ಎರಡೂ ಬದಿಗೆ ಪ್ಲಾಸ್ಟಿಕ್ ಪದರ ಇರುವುದರಿಂದ ರಾಸಾಯನಿಕಗಳು ಚಿತ್ರ ಮೂಡುವ ಮೇಲಿನ ಜೆಲಟಿನ್‌ಗಷ್ಟೇ ಇಳಿಯುತ್ತವೆ, ಎರಡು ನಿಮಿಷ ಹರಿಯುವ ನೀರಿನಲ್ಲಿ ಬಿಟ್ಟೂ ಹೋಗುತ್ತವೆ. ಫೈಬರ್ ಪೇಪರಿನಲ್ಲಿ ಜೆಲಟಿನ್ ಕೆಳಗೆ ಬೇರಿಯಂ ಸಲ್ಫೇಟಿನ ಬರೈಟಾ ಪದರ, ಅದರ ಕೆಳಗೆ ದಪ್ಪನೆಯ ಕಾಗದ. ಹಿಂಬದಿಯಿಂದ, ಅಂಚಿನಿಂದ, ಮೇಲಿನಿಂದ ಎಲ್ಲ ಕಡೆಯಿಂದಲೂ ಫಿಕ್ಸರ್ ಒಳಗೆ ಹೋಗಿ ನಾರುಗಳ ನಡುವೆ ಕೂರುತ್ತದೆ. ಎಷ್ಟು ಹೊತ್ತು ಫಿಕ್ಸರಿನಲ್ಲಿ ಇತ್ತೋ ಅಷ್ಟು ಆಳಕ್ಕೆ ಇಳಿದಿರುತ್ತದೆ.

ಉಳಿದುಬಿಡುವ ವಸ್ತು ಎರಡು ಬಗೆ. ಒಂದು, ಫಿಕ್ಸರಿನ ಥಯೋಸಲ್ಫೇಟ್, ಅಂದರೆ ನಾವೆಲ್ಲ ಹೈಪೋ ಎನ್ನುವುದು. ಇದು ನಿಧಾನವಾಗಿ ಒಡೆದು ಗಂಧಕ ಬಿಡುತ್ತದೆ. ಚಿತ್ರದ ಬೆಳ್ಳಿ ಆ ಗಂಧಕದ ಜೊತೆ ಸೇರಿ ಬೆಳ್ಳಿ ಸಲ್ಫೈಡ್ ಆಗುತ್ತದೆ. ಬೆಳ್ಳಿ ತೆಳುವಾಗಿರುವ ಹೈಲೈಟ್ ಭಾಗಗಳು, ಅಂದರೆ ಚಿತ್ರದ ತಿಳಿ ಭಾಗಗಳು, ಮೊದಲು ಕಂದು ಹಳದಿಗೆ ತಿರುಗಿ ಮಾಸುತ್ತವೆ, ಕಡುಗಪ್ಪು ಕೊನೆಗೆ. ಎರಡನೆಯದು, ಕರಗಿ ಹೊರಹೋಗಬೇಕಿದ್ದ ಬೆಳ್ಳಿಯ ಥಯೋಸಲ್ಫೇಟ್ ಸಂಯುಕ್ತಗಳು. ಫಿಕ್ಸರ್ ತಾಜಾ ಇದ್ದಾಗ ಇವು ಸಲೀಸಾಗಿ ಕರಗುವ ರೂಪದಲ್ಲಿರುತ್ತವೆ. ಫಿಕ್ಸರ್ ದಣಿದಾಗ ಕರಗದ ರೂಪದಲ್ಲೇ ನಾರಿಗೆ ಅಂಟಿಕೊಳ್ಳುತ್ತವೆ. ಚಿತ್ರವೇ ಇಲ್ಲದ ಬಿಳಿ ಅಂಚಿನಲ್ಲೂ ಹಳದಿ ಕಾಣಿಸುವುದು ಇವುಗಳಿಂದ. ಇವನ್ನು ನೀರಿನಿಂದ ತೆಗೆಯಲು ಆಗುವುದಿಲ್ಲ. ಇಡೀ ರಾತ್ರಿ ತೊಳೆದರೂ ಆಗುವುದಿಲ್ಲ. ತಾಜಾ ಫಿಕ್ಸರ್ ಒಂದೇ ದಾರಿ.

ಎರಡಕ್ಕೂ ಮದ್ದು ಬೇರೆಬೇರೆ. ಹಾಗಾಗಿ ಉಳಿದಿರುವುದು ಯಾವುದು ಎಂದು ಗೊತ್ತಾಗದೆ ಏನನ್ನೂ ಬದಲಿಸಬೇಡಿ.

ಎರಡು ಹನಿ ಪರೀಕ್ಷೆ

ಒಳ್ಳೆಯ ಪ್ರಿಂಟಿನ ಮೇಲೆ ಪರೀಕ್ಷೆ ಬೇಡ. ಅದೇ ಪೇಪರಿನ, ಅದೇ ಅಳತೆಯ ಒಂದು ಹಾಳೆಯನ್ನು ಬೆಳಕಿಗೆ ಒಡ್ಡದೆ, ಡೆವಲಪರಿನಿಂದ (ಚಿತ್ರ ಮೂಡಿಸುವ ದ್ರಾವಣ) ಹಿಡಿದು ಕೊನೆಯ ನೀರಿನವರೆಗೆ ಉಳಿದ ಪ್ರಿಂಟುಗಳ ಜೊತೆಯಲ್ಲೇ ದಾಟಿಸಿ. ಅದನ್ನು ಬಲಿ ಹಾಳೆ ಎಂದು ಕರೆಯೋಣ. ಒಂದು ಹಾಳೆ ಖರ್ಚಾಗುವುದು ಬೇಸರವೇ, ಆದರೆ ಇಡೀ ದಿನದ ಕೆಲಸ ಬಾಳಿಕೆ ಬರುತ್ತದೋ ಇಲ್ಲವೋ ಎಂದು ಅದೊಂದೇ ಹೇಳುತ್ತದೆ.

ಉಳಿದ ಹೈಪೋಗೆ ಕೊಡ್ಯಾಕ್‌ನ ಎಚ್‌ಟಿ-2 ದ್ರಾವಣ. ಮನೆಗೆ 100 ಮಿಲಿ ಸಾಕು: 75 ಮಿಲಿ ಡಿಸ್ಟಿಲ್ಡ್ ವಾಟರ್‌ಗೆ ಶೇ 28ರ ಅಸಿಟಿಕ್ ಆಮ್ಲ 12.5 ಮಿಲಿ ಹಾಕಿ (ಗ್ಲೇಶಿಯಲ್ ಇದ್ದರೆ ಸುಮಾರು 3.5 ಮಿಲಿ, ಆಮ್ಲವನ್ನೇ ನೀರಿಗೆ ಸುರಿಯಬೇಕು), ಸಿಲ್ವರ್ ನೈಟ್ರೇಟ್ 0.75 ಗ್ರಾಂ ಕರಗಿಸಿ, ಮತ್ತೆ ಡಿಸ್ಟಿಲ್ಡ್ ವಾಟರ್ ಸೇರಿಸಿ 100 ಮಿಲಿ ಮಾಡಿ. ಕಂದು ಗಾಜಿನ ಸೀಸೆಯಲ್ಲಿ ಕತ್ತಲಲ್ಲಿ ಇಡಿ. ಚರ್ಮಕ್ಕೆ, ಬಟ್ಟೆಗೆ ತಾಗಿದರೆ ಕಪ್ಪು ಕಲೆ ವಾರಗಟ್ಟಲೆ ಹೋಗದು, ಕಣ್ಣಿಗಂತೂ ಅಪಾಯ. ಕೈಗವಸು, ಕನ್ನಡಕ ಹಾಕಿಕೊಂಡೇ ಮುಟ್ಟಿ.

ತೊಳೆದ ಬಲಿ ಹಾಳೆಯ ನೀರು ಒರೆಸಿ ಒಂದು ಹನಿ ಬಿಡಿ. ಮಂದ ಬೆಳಕಿನಲ್ಲಿ 2 ನಿಮಿಷ ಕಾದು, ಉಪ್ಪುನೀರಿನಲ್ಲಿ ತೊಳೆದು ಕಲೆಯ ಬಣ್ಣ ನೋಡಿ. ಬಣ್ಣವೇ ಇಲ್ಲ ಅಥವಾ ಕಂಡೂ ಕಾಣದ ಕೆನೆಬಣ್ಣ ಇದ್ದರೆ ಸರಿ. ಹಾಲು ಹೆಚ್ಚಿದ ಚಹಾದ ಬಣ್ಣ ಬಂದರೆ ತೊಳೆದದ್ದು ಸಾಲದು. ಕಾಫಿ ಪುಡಿಯ ಕಂದು ಬಂದರೆ ತೊಳೆದೇ ಇಲ್ಲ ಎಂದು ತಿಳಿಯಿರಿ. ಒಂದೇ ಹನಿಗೆ ತೃಪ್ತರಾಗಬೇಡಿ. ನಾಲ್ಕು ಮೂಲೆಗೆ ನಾಲ್ಕು, ನಟ್ಟನಡುವೆ ಒಂದು, ಹಾಳೆ ತಿರುಗಿಸಿ ಹಿಂಬದಿಗೆ ಒಂದು. ಮೂಲೆಗಳು ಬಿಳಿಯಾಗಿದ್ದು ನಡುವಿನ ಹನಿ ಮಾತ್ರ ಕಂದಾದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ತೊಳೆದಿವೆ ಎಂದು ಅರ್ಥ. ಅಂಚಿನ ಒಂದೇ ಹನಿ ನೋಡಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ.

ಇಲ್ಲಿ ನಮ್ಮ ಊರುಗಳ ನೀರಿಗೆ ಸಂಬಂಧಿಸಿದ ಒಂದು ಬಲೆ ಇದೆ. ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಹೆಚ್ಚಿರುತ್ತದೆ. ಹಾಳೆ ಅದೇ ನೀರಿನಲ್ಲಿ ಒದ್ದೆಯಾಗಿದ್ದರೆ ಸಿಲ್ವರ್ ನೈಟ್ರೇಟ್ ಹನಿ ಮೊದಲು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಆಮೇಲೆ ಬೆಳಕಿಗೆ ನೇರಳೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ಹೈಪೋ ಅಲ್ಲ, ಸಿಲ್ವರ್ ಕ್ಲೋರೈಡ್. ಅನುಮಾನವಿದ್ದರೆ ಹನಿ ಬಿಡುವ ಮೊದಲು ಹಾಳೆಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಒಂದೆರಡು ನಿಮಿಷ ಅದ್ದಿ, ಒರೆಸಿ. ಹೈಪೋ ಕಲೆ ಹಳದಿ ಕಂದು, ಮಂದ ಬೆಳಕಿನಲ್ಲೂ ಬರುತ್ತದೆ.

ಉಳಿದ ಬೆಳ್ಳಿಗೆ ಎಸ್‌ಟಿ-1: 125 ಮಿಲಿ ನೀರಿನಲ್ಲಿ ಸೋಡಿಯಂ ಸಲ್ಫೈಡ್ 2 ಗ್ರಾಂ, ಬಳಸುವಾಗ ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಬಿಳಿ ಅಂಚಿಗೆ ಒಂದು ಹನಿ ಬಿಟ್ಟು 2ರಿಂದ 3 ನಿಮಿಷ ಕಾದು ಒತ್ತುಕಾಗದದಿಂದ ಹೀರಿ. ಕೆನೆಬಣ್ಣಕ್ಕಿಂತ ಗಾಢವಾದ ಹಳದಿ ಬಂದರೆ ಒಳಗೆ ಬೆಳ್ಳಿ ಉಳಿದಿದೆ. ಸಲ್ಫೈಡಿಗೆ ಆಮ್ಲ ಸೋಕಿದರೆ ಕೊಳೆತ ಮೊಟ್ಟೆ ವಾಸನೆಯ ವಿಷಾನಿಲ ಬರುತ್ತದೆ, ಅದು ಪೇಪರನ್ನೂ ಫಾಗ್ ಮಾಡುತ್ತದೆ, ಅಂದರೆ ಬೆಳಕು ತಾಗದೆಯೂ ಮಬ್ಬಾಗಿಸುತ್ತದೆ. ಆದ್ದರಿಂದ ಈ ಪರೀಕ್ಷೆ ಡಾರ್ಕ್‌ರೂಮಿನ ಹೊರಗೆ, ಕಿಟಕಿ ತೆರೆದಿರುವ ಕಡೆ ಮಾಡಿ. ಸಲ್ಫೈಡ್ ಸಹವಾಸವೇ ಬೇಡ ಎನ್ನುವವರು ಸೆಲೆನಿಯಂ ಟೋನರನ್ನು (ಪ್ರಿಂಟಿನ ಛಾಯೆ ಬದಲಿಸುವ ದ್ರಾವಣ) 1+9ರಂತೆ, ಅಂದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ, ತೆಳುಮಾಡಿ ಅದರ ಹನಿ ಬಿಟ್ಟರೂ ಕೆಲಸ ನಡೆಯುತ್ತದೆ. ಮನೆಗೆ ಇದೇ ವಾಸಿ.

ಪೊಟ್ಯಾಸಿಯಂ ಪರ್ಮಾಂಗನೇಟಿಗೆ ತೊಳೆದ ನೀರು ಹನಿಸಿ ನೇರಳೆ ಬಣ್ಣ ಹೋಗುತ್ತದೋ ಎಂದು ನೋಡುವ ಹಳೆಯ ಪದ್ಧತಿಯೂ ಉಂಟು. ಅದು ಹೇಳುವುದು ಪ್ರಿಂಟಿನಿಂದ ತೊಟ್ಟಿಕ್ಕುವ ನೀರಿನ ಸ್ಥಿತಿ, ಕಾಗದದೊಳಗಿನದ್ದಲ್ಲ. ನೀರಿನಲ್ಲಿ ಸಾವಯವ ಕೊಳೆ ಇದ್ದರೂ ಬಣ್ಣ ಹೋಗುತ್ತದೆ. ಫೈಬರ್ ಪೇಪರಿಗೆ ಅದನ್ನು ನಂಬುವಂತಿಲ್ಲ.

ಬೆಳ್ಳಿಯ ಪರೀಕ್ಷೆಯಲ್ಲಿ ಹಳದಿ ಬಂದರೆ

ದೋಷ ಫಿಕ್ಸಿಂಗಿನದ್ದು. ಹೈಪೋ ಪರೀಕ್ಷೆಯ ಫಲ ಏನೇ ಇರಲಿ, ಮೊದಲು ಇದನ್ನೇ ಸರಿಪಡಿಸಿ.

ಸಾಮಾನ್ಯ ಕಾರಣ, ಒಂದೇ ಟ್ರೇ ಫಿಕ್ಸರಿನಲ್ಲಿ ಲೆಕ್ಕವಿಲ್ಲದೆ ಪ್ರಿಂಟು ಹಾಕುವುದು. ಇಲ್ಫರ್ಡ್ ರ‍್ಯಾಪಿಡ್ ಫಿಕ್ಸರ್ 1+4ರ ಒಂದು ಲೀಟರಿಗೆ 8×10 ಇಂಚಿನ ಫೈಬರ್ ಪ್ರಿಂಟು ಸುಮಾರು 40 ಎಂದು ಸಾಮಾನ್ಯ ಲೆಕ್ಕ. ಬಹುಕಾಲ ಉಳಿಯಬೇಕಾದ ಪ್ರಿಂಟಿಗೆ ಅದೇ ಲೀಟರಿನಲ್ಲಿ ಸುಮಾರು 10 ಮಾತ್ರ, ಏಕೆಂದರೆ ಆಗ ದ್ರಾವಣದಲ್ಲಿ ಬೆಳ್ಳಿ ಲೀಟರಿಗೆ 0.5 ಗ್ರಾಂ ದಾಟಬಾರದು. ನಲವತ್ತಕ್ಕೂ ಹತ್ತಕ್ಕೂ ಇರುವ ಈ ಅಂತರ ಎಷ್ಟೋ ಮನೆ ಡಾರ್ಕ್‌ರೂಮುಗಳಲ್ಲಿ ಗಮನಕ್ಕೇ ಬಂದಿರುವುದಿಲ್ಲ. ಫಿಲ್ಮ್ ತುಂಡು ಅದ್ದಿ ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ಎಂದು ನೋಡುವ ಪರೀಕ್ಷೆ ಫಿಲ್ಮಿಗೆ ಸರಿ. ಆ ಪರೀಕ್ಷೆಯಲ್ಲಿ ಫಿಕ್ಸರ್ ನಪಾಸಾಗುವ ಎಷ್ಟೋ ಮೊದಲೇ ಅದು ಫೈಬರ್ ಪೇಪರಿಗೆ ಕೆಲಸಕ್ಕೆ ಬಾರದ ಹಾಗೆ ಆಗಿರುತ್ತದೆ. ಪ್ರಿಂಟು ಎಣಿಸಿ ಸೀಸೆಯ ಮೇಲೆ ಗೀಟು ಹಾಕುವುದೇ ಭರವಸೆಯ ದಾರಿ.

ಪರಿಹಾರ ಎರಡು ಟ್ರೇ ಫಿಕ್ಸರ್. ಒಟ್ಟು ಸಮಯದಲ್ಲಿ ಅರ್ಧ ಮೊದಲನೆಯದರಲ್ಲಿ, ಅರ್ಧ ಎರಡನೆಯದರಲ್ಲಿ. ಬೆಳ್ಳಿಯ ಬಹುಪಾಲನ್ನು ಮೊದಲ ಟ್ರೇ ಹೊರುತ್ತದೆ, ಎರಡನೆಯದು ತಾಜಾ ಉಳಿದು ಕರಗದ ಸಂಯುಕ್ತಗಳನ್ನು ಕರಗಿಸುತ್ತದೆ. ಮೊದಲನೆಯದು ದಣಿದಾಗ ಅದನ್ನು ತೆಗೆದು, ಎರಡನೆಯದನ್ನು ಅದರ ಜಾಗಕ್ಕೆ ತಂದು, ಹೊಸದನ್ನು ಎರಡನೆಯದಾಗಿ ಇಡಿ. ಹೀಗೆ ಐದು ಸುತ್ತು ಆದ ಮೇಲೆ ಎರಡನ್ನೂ ಹೊಸದಾಗಿ ಮಾಡಿ. ಸೀಸೆಯ ಮೇಲೆ ‘ಒಂದು’, ‘ಎರಡು’ ಎಂದು ಬರೆಯದಿದ್ದರೆ ಅದಲುಬದಲಾಗುವುದು ಖಚಿತ.

ಇನ್ನೊಂದು ಕಾರಣ ತೆಳುಮಾಡುವ ಲೆಕ್ಕ. 1+4 ಎಂದರೆ 200 ಮಿಲಿ ಫಿಕ್ಸರಿಗೆ 800 ಮಿಲಿ ನೀರು. 1+9 ಎಂದರೆ 100 ಮಿಲಿಗೆ 900. ಅಂಗಡಿಯಿಂದ ಹೈಪೋ ಹರಳು ತಂದು ಮನೆಯಲ್ಲೇ ಫಿಕ್ಸರ್ ಮಾಡುವವರು ಹರಳಿನ ಬಗೆ ನೋಡಬೇಕು. ಕೊಡ್ಯಾಕ್ ಎಫ್-24 ಸೂತ್ರದಲ್ಲಿ ಲೀಟರಿಗೆ ಹೈಪೋ ಹರಳು 240 ಗ್ರಾಂ, ಸೋಡಿಯಂ ಸಲ್ಫೈಟ್ 10 ಗ್ರಾಂ, ಸೋಡಿಯಂ ಬೈಸಲ್ಫೈಟ್ 25 ಗ್ರಾಂ. ಈ 240 ಗ್ರಾಂ ನೀರಿನಂಶವಿರುವ ದಪ್ಪ ಹರಳಿನ ಲೆಕ್ಕ. ನೀರಿನಂಶವಿಲ್ಲದ ಪುಡಿ ಆದರೆ ಸುಮಾರು 153 ಗ್ರಾಂ ಸಾಕು. ಹರಳು ಕರಗುವಾಗ ನೀರು ತಣ್ಣಗಾಗುತ್ತದೆ, ಆದ್ದರಿಂದ ಬೆಚ್ಚನೆ ನೀರಿನಲ್ಲಿ ಕರಗಿಸಿ, 20 ಡಿಗ್ರಿ ಆಸುಪಾಸಿಗೆ ಬಂದ ಮೇಲೆ ಬಳಸಿ. ಈ ಫಿಕ್ಸರಿನಲ್ಲಿ ಪ್ರತಿ ಟ್ರೇಗೆ 4ರಿಂದ 5 ನಿಮಿಷ ಬೇಕು.

ಟ್ರೇಯಲ್ಲಿ ನಾಲ್ಕು ಪ್ರಿಂಟು ಒಟ್ಟಿಗೆ ಹಾಕಿ ಅಲ್ಲಾಡಿಸದೆ ಬಿಟ್ಟರೂ ಇದೇ ದೋಷ. ಎರಡು ಹಾಳೆ ಅಂಟಿಕೊಂಡ ಜಾಗಕ್ಕೆ ಫಿಕ್ಸರ್ ಹೋಗಿರುವುದೇ ಇಲ್ಲ. ಕೆಳಗಿನದನ್ನು ಮೇಲಕ್ಕೆ ತರುತ್ತಲೇ ಇರಿ.

ಬೆಳ್ಳಿ ಇಲ್ಲ, ಹೈಪೋ ಮಾತ್ರ ಉಳಿದಿದ್ದರೆ

ಈಗ ತೊಳೆಯುವ ವಿಷಯಕ್ಕೆ ಬರಬಹುದು. ಆದರೆ ಅದಕ್ಕೂ ಮೊದಲು ಫಿಕ್ಸರ್ ಟ್ರೇಯತ್ತ ಇನ್ನೊಂದು ಸಲ ನೋಡಿ: ಪ್ರಿಂಟು ಅಲ್ಲಿ ಎಷ್ಟು ಹೊತ್ತು ಇತ್ತು? ರ‍್ಯಾಪಿಡ್ ಫಿಕ್ಸರ್ 1+4ರಲ್ಲಿ ಬಿಡದೆ ಅಲ್ಲಾಡಿಸುತ್ತ 60 ಸೆಕೆಂಡು ಸಾಕು. ಇಷ್ಟು ಕಡಿಮೆ ಸಮಯದಲ್ಲಿ ಜೆಲಟಿನ್ ಪೂರ್ತಿ ಫಿಕ್ಸ್ ಆಗುತ್ತದೆ, ಕಾಗದದ ಆಳಕ್ಕೆ ಫಿಕ್ಸರ್ ಇಳಿಯುವಷ್ಟರಲ್ಲಿ ಪ್ರಿಂಟು ಹೊರಗೆ ಬಂದಿರುತ್ತದೆ. ‘ಇರಲಿ, ಭದ್ರವಾಗಿರುತ್ತದೆ’ ಎಂದು ಹತ್ತು ನಿಮಿಷ ಬಿಟ್ಟರೆ ಭದ್ರವಾಗುವುದು ಹೈಪೋ. ಅಷ್ಟು ಕಾಲ ಬಿಟ್ಟರೆ ನಯವಾದ ಹೈಲೈಟುಗಳೂ ಸವೆಯತೊಡಗುತ್ತವೆ.

ಆಲಂ ಬೆರೆತ ಹಾರ್ಡನಿಂಗ್ ಫಿಕ್ಸರ್ ಬಳಸುತ್ತಿದ್ದೀರಾ? ಪುಡಿಯಾಗಿ ಬರುವ ಕೆಲವು ಫಿಕ್ಸರುಗಳಲ್ಲಿ ಅದು ಬೆರೆತೇ ಬರುತ್ತದೆ, ಪೊಟ್ಟಣ ಓದಿ. ಗಟ್ಟಿಯಾದ ಜೆಲಟಿನ್‌ನಿಂದ ಹೈಪೋ ಹೊರಬರುವುದು ನಿಧಾನ. ತೊಳೆಯಬೇಕಾದ ಫೈಬರ್ ಪ್ರಿಂಟಿಗೆ ಹಾರ್ಡನರ್ ಇಲ್ಲದ ಫಿಕ್ಸರೇ ಸರಿ.

ಫಿಕ್ಸ್ ಆದ ಪ್ರಿಂಟುಗಳನ್ನು ನೀರಿನ ಟ್ರೇಯಲ್ಲಿ ಹಾಕಿಟ್ಟು, ಸಂಜೆ ಎಲ್ಲವನ್ನೂ ಒಟ್ಟಿಗೆ ತೊಳೆಯುವ ಅಭ್ಯಾಸ ಬಹಳ ಕಡೆ ಇದೆ. ಮೂರು ತಾಸಿನಲ್ಲಿ ಆ ನೀರೇ ತೆಳು ಫಿಕ್ಸರ್ ಆಗಿರುತ್ತದೆ, ಪ್ರಿಂಟು ಅದನ್ನು ನಾರುನಾರಿಗೂ ಹೀರಿಕೊಂಡಿರುತ್ತದೆ. ಕಾಯಿಸಲೇಬೇಕಿದ್ದರೆ ಪ್ರತಿ ಪ್ರಿಂಟನ್ನು ಮೊದಲು 5 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಆಮೇಲೆ ಕಾಯುವ ಟ್ರೇಗೆ ಹಾಕಿ, ಆ ನೀರನ್ನೂ ಗಂಟೆಗೊಮ್ಮೆ ಬದಲಿಸಿ.

ಇವೆಲ್ಲ ಸರಿ ಇದ್ದೂ ಕಲೆ ಬರುತ್ತಿದ್ದರೆ ದೋಷ ನಿಜವಾಗಿಯೂ ತೊಳೆಯುವುದರಲ್ಲಿದೆ. ತೊಳೆಯುವುದು ಎಂದಾಗ ನೀರಿನ ರಭಸ ಕಣ್ಣಮುಂದೆ ಬರುತ್ತದೆ, ಆದರೆ ಕಾಗದದೊಳಗಿನ ಹೈಪೋ ಹೊರಬರುವುದು ರಭಸಕ್ಕಲ್ಲ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಉಪ್ಪು ಬಿಡಿಸುವಾಗ ನೆನೆಸಿ, ಕಾದು, ನೀರು ಚೆಲ್ಲಿ, ಮತ್ತೆ ನೆನೆಸುವ ಹಾಗೆ ಇಲ್ಲೂ ಒಳಗಿನದ್ದು ಹೊರಗೆ ಬರಲು ಸಮಯ ಬೇಕು, ಹೊರಗೆ ತಾಜಾ ನೀರು ಬೇಕು. ಅದಕ್ಕಿಂತ ಹೆಚ್ಚಿನ ನೀರು ಮೋರಿಗೆ ಹೋಗುತ್ತದೆ ಅಷ್ಟೆ.

ವಾಶ್ ಏಡ್, ಅಂದರೆ ಹೈಪೋ ಬೇಗ ಬಿಡಿಸುವ ಲವಣದ ದ್ರಾವಣ, ನಿಮ್ಮ ಕ್ರಮದಲ್ಲಿ ಇಲ್ಲದಿದ್ದರೆ ಅದನ್ನು ಮೊದಲು ಸೇರಿಸಿ. ಸಮುದ್ರದ ಉಪ್ಪುನೀರಿನಲ್ಲಿ ಹೈಪೋ ಬೇಗ ಬಿಡುತ್ತದೆ ಎಂದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಂಡುಕೊಂಡದ್ದರಿಂದ ಹುಟ್ಟಿದ ವಿಧಾನ ಇದು. ಹಾಗೆಂದು ಅಡುಗೆ ಉಪ್ಪು ಬಳಸಬೇಡಿ, ಆಮೇಲೆ ಆ ಉಪ್ಪನ್ನೂ ತೊಳೆಯಬೇಕಾಗುತ್ತದೆ. ಸೋಡಿಯಂ ಸಲ್ಫೈಟ್ ಸಾಕು: ನೀರಿನಂಶವಿಲ್ಲದ ಪುಡಿ 20 ಗ್ರಾಂ, ನೀರು 1 ಲೀಟರ್. ತೆರೆದ ಟ್ರೇಯಲ್ಲಿ ಗಾಳಿಗೆ ಇದು ಬೇಗ ಸತ್ವ ಕಳೆದುಕೊಳ್ಳುತ್ತದೆ, ಆಯಾ ದಿನವೇ ಮಾಡಿ ಆಯಾ ದಿನವೇ ಚೆಲ್ಲಿ. ಪುಡಿ ಕೊಳ್ಳುವಾಗ ಹೆಸರು ಎರಡು ಸಲ ಓದಿ, ಸಲ್ಫೈಟ್ ಕೇಳಿದರೆ ಸಲ್ಫೇಟ್ ಕೊಡುವ ಅಂಗಡಿಗಳಿವೆ.

ಇಲ್ಫರ್ಡ್ ಹೇಳುವ ಕ್ರಮ ಚಿಕ್ಕದು, ನೀರೂ ಕಡಿಮೆ: 1+4 ಫಿಕ್ಸರಿನಲ್ಲಿ 1 ನಿಮಿಷ, ಹರಿಯುವ ನೀರಿನಲ್ಲಿ 5 ನಿಮಿಷ, ವಾಶ್ ಏಡ್‌ನಲ್ಲಿ 10 ನಿಮಿಷ, ಮತ್ತೆ ನೀರಿನಲ್ಲಿ 5 ನಿಮಿಷ. ವಾಶ್ ಏಡ್ ಇಲ್ಲದಿದ್ದರೆ 60 ನಿಮಿಷ. ಈ ಕೊನೆಯ 5 ನಿಮಿಷ ನಿಜವಾದ 5 ನಿಮಿಷ ಆಗಬೇಕಾದರೆ ಪ್ರತಿ ಹಾಳೆಯ ಎರಡೂ ಮುಖಕ್ಕೆ ತಾಜಾ ನೀರು ತಾಗುತ್ತಿರಬೇಕು. ಮನೆಯ ಟ್ರೇಯಲ್ಲಿ ಹಾಗಾಗುವುದು ಕಡಿಮೆ. ಆದ್ದರಿಂದ ಅಲ್ಲಿ ಹೆಚ್ಚು ಸಮಯ ಕೊಟ್ಟು, ಹನಿ ಪರೀಕ್ಷೆ ಪಾಸಾದ ಮೇಲೆ ಬೇಕಾದರೆ ಇಳಿಸಿ.

ನೀರಿನ ಅಭಾವ ಇರುವಲ್ಲಿ

ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿನ ಮನೆಯಲ್ಲಿ ಗಂಟೆಗಟ್ಟಲೆ ನಲ್ಲಿ ಬಿಡುವುದು ಆಗದ ಮಾತು. ನಿಮಿಷಕ್ಕೆ 2 ಲೀಟರಿನಂತೆ ಒಂದು ಗಂಟೆಗೆ 120 ಲೀಟರ್ ಬೇಕು. ತುಂಬಿ ಚೆಲ್ಲುವ ವಿಧಾನದಲ್ಲಿ ಅದರ ಕಾಲುಭಾಗ ಸಾಕು, ಕೆಲಸವೂ ಹೆಚ್ಚು ನಂಬಿಕೆಯದು. 8×10ರ ನಾಲ್ಕು ಪ್ರಿಂಟಿಗೆ 12×16ರ ಆಳದ ಟ್ರೇ ಎರಡು, ಅಳತೆಗೆ 3 ಲೀಟರಿನ ಜಗ್ಗು ತೆಗೆದುಕೊಳ್ಳಿ.

1. ಫಿಕ್ಸರಿನಿಂದ ತೆಗೆದ ಪ್ರಿಂಟನ್ನು ಮೂಲೆ ಹಿಡಿದು 15 ಸೆಕೆಂಡು ಸೋರಲು ಬಿಡಿ. ಈ ಸೋರಿಕೆಯೇ ಅರ್ಧ ಬಕೆಟ್ ನೀರು ಉಳಿಸುತ್ತದೆ.

2. 3 ಲೀಟರ್ ನೀರಿಗೆ ಹಾಕಿ ಒಂದು ನಿಮಿಷ ಕದಲಿಸಿ ಚೆಲ್ಲಿ. ಇನ್ನೊಮ್ಮೆ 3 ಲೀಟರ್, 4 ನಿಮಿಷ, ಚೆಲ್ಲಿ.

3. ಸಲ್ಫೈಟ್ ದ್ರಾವಣದಲ್ಲಿ 10 ನಿಮಿಷ. ಹಾಳೆಗಳನ್ನು ಒಂದೊಂದಾಗಿ ಅಡಿಯಿಂದ ಮೇಲಕ್ಕೆ ತರುತ್ತಿರಿ.

4. ಆಮೇಲೆ 3 ಲೀಟರಿನಂತೆ ಆರು ಸಲ, ಪ್ರತಿ ಸಲ 5 ನಿಮಿಷ. ಪ್ರತಿ ಸಲ ಹಾಳೆಗಳನ್ನು ಒಂದು ಟ್ರೇಯಿಂದ ಇನ್ನೊಂದಕ್ಕೆ ಒಂದೊಂದಾಗಿ ದಾಟಿಸಿ, ನಡುನಡುವೆ ಸೋರಲು ಬಿಡಿ, ಖಾಲಿಯಾದ ಟ್ರೇಯನ್ನು ತೊಳೆದು ಮತ್ತೆ ತುಂಬಿ.

5. ಬಲಿ ಹಾಳೆಗೆ ಎಚ್‌ಟಿ-2. ಕಲೆ ಬಂದರೆ ಇನ್ನೆರಡು ಸಲ ನೀರು ಬದಲಿಸಿ ಮತ್ತೆ ನೋಡಿ.

ಒಟ್ಟು 24 ಲೀಟರ್. ಕೊನೆಯ ಎರಡು ಸಲದ ನೀರನ್ನು ಬಕೆಟಿನಲ್ಲಿ ಹಿಡಿದಿಟ್ಟು ಮುಂದಿನ ಕಂತಿನ ಎರಡನೇ ಹಂತಕ್ಕೆ ಬಳಸಬಹುದು. ಮೊದಲ ಎರಡು ಸಲದ ನೀರನ್ನು ಯಾವುದಕ್ಕೂ ಬಳಸಬೇಡಿ.

ಎಚ್ಚರ ತಪ್ಪಬಾರದ ವಿಷಯ ಒಂದಿದೆ. ಅರ್ಧ ತೊಳೆದ ಪ್ರಿಂಟುಗಳಿರುವ ನೀರಿಗೆ ಫಿಕ್ಸರಿನಿಂದ ಬಂದ ಹೊಸ ಪ್ರಿಂಟು ಬಿದ್ದರೆ ಎಲ್ಲವೂ ಮತ್ತೆ ಮೊದಲಿನಿಂದ. ಅಲ್ಲಿಯವರೆಗಿನ ನಿಮಿಷಗಳನ್ನು ಲೆಕ್ಕದಿಂದ ಹೊಡೆದುಹಾಕಿ.

ನೀರಿನ ಉಷ್ಣತೆ 20ರಿಂದ 24 ಡಿಗ್ರಿ ಇದ್ದರೆ ಚೆನ್ನ. ತಣ್ಣನೆ ನೀರಿನಲ್ಲಿ ಹೈಪೋ ಹೊರಬರುವುದು ತಡ, ಮಡಿಕೇರಿ ಚಿಕ್ಕಮಗಳೂರಿನ ಚಳಿಗಾಲದ ಬೆಳಗ್ಗೆ ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಬೇಕಾಗುತ್ತದೆ. ಬಯಲುಸೀಮೆಯಲ್ಲಿ ತೊಂದರೆ ತದ್ವಿರುದ್ಧ. ಏಪ್ರಿಲ್ ಮಧ್ಯಾಹ್ನ ತಾರಸಿಯ ಟ್ಯಾಂಕಿನ ನೀರು 30 ಡಿಗ್ರಿ ದಾಟಿರುತ್ತದೆ. ಅದರಲ್ಲಿ ಜೆಲಟಿನ್ ಉಬ್ಬಿ ಮೆತ್ತಗಾಗುತ್ತದೆ, ಉಗುರು ತಾಗಿದರೂ ಕಿತ್ತುಬರುತ್ತದೆ, ಅಂಚುಗಳು ನೆರಿಗೆಗಟ್ಟುತ್ತವೆ. ಬೆಳಗ್ಗೆಯೇ ಬಕೆಟುಗಳಲ್ಲಿ ಹಿಡಿದು ನೆರಳಿನಲ್ಲಿಟ್ಟ ನೀರು ಬಳಸಿ. ಎಲ್ಲ ಟ್ರೇಗಳ ನಡುವೆಯೂ ಎರಡು ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರದಂತೆ ನೋಡಿಕೊಳ್ಳಿ.

ವಾಶರ್ ಇದ್ದೂ ಕಲೆ ಬಂದರೆ

ಹಾಳೆಗೊಂದು ಗೂಡಿರುವ ಅಕ್ರಿಲಿಕ್ ವಾಶರ್ ಕೊಂಡವರಿಗೂ ಎಚ್‌ಟಿ-2ರಲ್ಲಿ ಕಂದು ಮಚ್ಚೆ ಬರುತ್ತದೆ. ಕಾರಣ, ಒದ್ದೆ ಹಾಳೆಯ ಬೆನ್ನು ನುಣುಪಾದ ಗೋಡೆಗೆ ಅಂಟಿಕೊಂಡು ಆ ಬದಿಗೆ ನೀರೇ ಹೋಗಿರುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಹಾಳೆಯನ್ನು ಪೂರ್ತಿ ಮೇಲೆತ್ತಿ ಮತ್ತೆ ಇಳಿಸಿ. ಗಾಳಿಗುಳ್ಳೆ ಅಂಟಿದ್ದರೂ ಆಗ ಬಿಡುತ್ತದೆ.

ಗೂಡಿನಲ್ಲಿ ನೀರು ನಿಜವಾಗಿ ಬದಲಾಗುತ್ತಿದೆಯೇ ಎಂದು ನೋಡಲು ವಾಶರನ್ನು ತುಂಬಿ, ಪ್ರತಿ ಗೂಡಿಗೆ ಆಹಾರಕ್ಕೆ ಹಾಕುವ ಕೆಂಪು ಬಣ್ಣದ ಕೆಲವು ಹನಿ ಬಿಟ್ಟು, ಹಳೆಯ ಬೇಡದ ಪ್ರಿಂಟು ಇಳಿಸಿ ನಲ್ಲಿ ತಿರುಗಿಸಿ. ಬಣ್ಣ ಎಲ್ಲ ಗೂಡಿನಲ್ಲೂ ಒಂದೇ ಹದಕ್ಕೆ ತಿಳಿಯಾಗಬೇಕು. ಸಾಮಾನ್ಯವಾಗಿ ಕೊನೆಯ ಗೂಡಿನ ಕೆಳಮೂಲೆಯಲ್ಲಿ ಕೆಂಪು ನಿಂತೇ ಇರುತ್ತದೆ. ಎಚ್‌ಟಿ-2 ಕಲೆಯೂ ಅದೇ ಮೂಲೆಗೆ ಹೊಂದಿಕೊಂಡರೆ ದೋಷ ಸಿಕ್ಕಿತು. ಒಳಬರುವ ಕೊಳವೆಯ ತೂತು ಕಟ್ಟಿದೆಯೇ, ವಾಶರ್ ಓರೆಯಾಗಿ ಕೂತಿದೆಯೇ ಎಂದು ನೋಡಿ. ಗಡಸು ನೀರಿನ ಸುಣ್ಣ ತೂತುಗಳನ್ನು ಕಟ್ಟುವುದು ಬಹಳ ಸಾಮಾನ್ಯ, ತೆಳು ವಿನೆಗರಿನಲ್ಲಿ ನೆನೆಸಿದರೆ ಬಿಡುತ್ತದೆ. ಗೋಡೆಗೆ ಕೈಯಿಟ್ಟರೆ ಜಾರುವ ಲೋಳೆ ಇದ್ದರೆ ವಾಶರನ್ನು ಬಿಚ್ಚಿ ತೊಳೆದು, ಬಳಸದ ದಿನಗಳಲ್ಲಿ ಒಣಗಿಸಿಯೇ ಇಡಿ.

ಟೋನರಿನಲ್ಲಿ ಬಯಲಾಗುವ ದೋಷಗಳು

ಸೀಪಿಯಾ (ಕಂದು ಛಾಯೆ) ಮಾಡಲು ಫೆರಿಸಯನೈಡ್ ಬ್ಲೀಚಿಗೆ ಹಾಕಿದ ಪ್ರಿಂಟಿನ ಹೈಲೈಟು ಕರಗಿಹೋಗಿ, ಸಲ್ಫೈಡ್ ಟೋನರಿಗೆ ಹಾಕಿದರೂ ವಾಪಸು ಬರದಿದ್ದರೆ ಕಾಗದದಲ್ಲಿ ಹೈಪೋ ಇತ್ತು. ಫೆರಿಸಯನೈಡ್ ಮತ್ತು ಹೈಪೋ ಸೇರಿದರೆ ಬೆಳ್ಳಿಯನ್ನೇ ಕರಗಿಸುವ ಫಾರ್ಮರ್ಸ್ ರೆಡ್ಯೂಸರ್ ಆಗುತ್ತದೆ. ಹೋದ ಹೈಲೈಟು ಹೋದದ್ದೇ. ಬ್ಲೀಚಿಗೆ ಮೊದಲು ಪೂರ್ತಿ ತೊಳೆದಿರಲೇಬೇಕು.

ಸೆಲೆನಿಯಂನಲ್ಲಿ ಹಳದಿಯ ಅಥವಾ ಗುಲಾಬಿ ಛಾಯೆಯ ಮಚ್ಚೆ ಬಿಳಿ ಭಾಗದಲ್ಲಿ ಬಂದರೆ ಬೆಳ್ಳಿ ಉಳಿದಿದೆ, ಇಲ್ಲವೇ ಆಮ್ಲೀಯ ಫಿಕ್ಸರ್ ಸರಿಯಾಗಿ ತೊಳೆಯದೆ ಟೋನರಿಗೆ ಬಂದಿದೆ. ಇನ್ನೊಂದು ಮಾತು, ಬಾಟಲಿಯಲ್ಲಿ ಬರುವ ಸೆಲೆನಿಯಂ ಟೋನರಿನಲ್ಲೇ ಅಮೋನಿಯಂ ಥಯೋಸಲ್ಫೇಟ್ ಇರುತ್ತದೆ. ಟೋನಿಂಗಿಗೆ ಮೊದಲು ಎಷ್ಟೇ ತೊಳೆದಿದ್ದರೂ ನಂತರ ಸಲ್ಫೈಟ್, ನೀರು ಎರಡೂ ಇನ್ನೊಮ್ಮೆ ಆಗಬೇಕು.

ಒಣಗಿದ ಮೇಲೆ ಕಾಣುವವು

ಬಿಳಿ ಪುಡಿಯ ಕಲೆ, ಬೆರಳಿಗೆ ಒರಟು: ಗಡಸು ನೀರಿನ ಸುಣ್ಣ. ಕೊನೆಯಲ್ಲಿ ಎರಡು ನಿಮಿಷ ಆರ್‌ಓ ನೀರಿನಲ್ಲೋ ಡಿಸ್ಟಿಲ್ಡ್ ವಾಟರಿನಲ್ಲೋ ಅದ್ದಿ, ಎರಡೂ ಬದಿ ಸ್ಕ್ವೀಜಿಯಿಂದ ನೀರು ತೆಗೆದರೆ ಬರುವುದಿಲ್ಲ. ಆರ್‌ಓ ಯಂತ್ರ ಹೊರಬಿಡುವ ವೇಸ್ಟ್ ನೀರು ಇದಕ್ಕೆ ಬೇಡ, ಅದರಲ್ಲಿ ಲವಣ ಇನ್ನೂ ಹೆಚ್ಚು.

ಕೆಂಪು ಕಂದು ಚುಕ್ಕೆ, ಸುತ್ತ ಹರಡಿದ ಅಂಚು: ಕಬ್ಬಿಣದ ತುಕ್ಕು. ಹಳೆಯ ಜಿಐ ಪೈಪು ಅಥವಾ ಬೋರ್‌ವೆಲ್. ನಲ್ಲಿಗೆ 5 ಮೈಕ್ರಾನಿನ ಸೆಡಿಮೆಂಟ್ ಫಿಲ್ಟರ್ ಹಾಕಿ. ಮೊದಲ ಬಕೆಟ್ ನೀರನ್ನು ಬಿಟ್ಟು ಎರಡನೆಯದನ್ನು ಬಳಸಿದರೂ ಎಷ್ಟೋ ವಾಸಿ.

ಗುಳ್ಳೆ: ನಲ್ಲಿಯ ಧಾರೆ ನೇರ ಪ್ರಿಂಟಿನ ಮೇಲೆ ಬಿದ್ದಿದೆ, ಸ್ಟಾಪ್ ಬಾತ್ (ಡೆವಲಪರಿನ ಕೆಲಸ ನಿಲ್ಲಿಸುವ ಆಮ್ಲದ ದ್ರಾವಣ) ವಿಪರೀತ ಖಾರವಾಗಿದೆ, ಅಥವಾ ಒಂದು ಟ್ರೇ ಬಿಸಿ ಇನ್ನೊಂದು ತಣ್ಣಗಿದೆ.

ಎರಡೂ ಪರೀಕ್ಷೆ ಪಾಸಾಗಿಯೂ ಕೆಲವು ವಾರದಲ್ಲಿ ಅಂಚಿನಲ್ಲಿ ಅಥವಾ ಗೆರೆಗೆರೆಯಾಗಿ ಹಳದಿ ಬಂದರೆ ತೊಳೆದ ನಂತರ ಹೈಪೋ ಮತ್ತೆ ತಗುಲಿದೆ. ಒಣಗಿಸುವ ಜಾಗ ನೋಡಿ. ಹಳೆಯ ಸ್ಟುಡಿಯೋಗಳಿಂದ ಬಂದ ಗ್ಲೇಜಿಂಗ್ ಮಷೀನಿನ ಕ್ಯಾನ್ವಾಸ್ ಬಟ್ಟೆ ಇದಕ್ಕೆ ಕುಖ್ಯಾತ. ಸರಿಯಾಗಿ ತೊಳೆಯದ ಒಂದೇ ಒಂದು ಪ್ರಿಂಟು ಅದರ ಮೇಲೆ ಒಣಗಿದರೆ ಆಮೇಲಿನವಕ್ಕೆಲ್ಲ ಹೈಪೋ ಹಂಚುತ್ತದೆ. ಹೀರುಕಾಗದವೂ ಹಾಗೆಯೇ. ಕಿಟಕಿಗೆ ಹಾಕುವ ಫೈಬರ್‌ಗ್ಲಾಸ್ ಸೊಳ್ಳೆಪರದೆಯನ್ನು ಚೌಕಟ್ಟಿಗೆ ಬಿಗಿದು, ಪ್ರಿಂಟನ್ನು ಮುಖ ಕೆಳಗಾಗಿ ಮಲಗಿಸಿ ಒಣಗಿಸುವುದು ಒಳ್ಳೆಯದು. ಪರದೆಯನ್ನು ಆಗಾಗ ಸೋಪು ಹಾಕಿ ತೊಳೆದು ಚೆನ್ನಾಗಿ ಜಾಲಿಸಿದರೆ ಸಾಕು. ಫಿಕ್ಸರಿನ ಚಿಮಟ ತೊಳೆಯುವ ಟ್ರೇಗೆ ಬರಬಾರದು. ಫಿಕ್ಸರ್ ಮುಟ್ಟಿದ ಕೈಯೂ ಬರಬಾರದು. ಹಳದಿ ಕಲೆ ಬೆರಳಚ್ಚಿನ ಆಕಾರದಲ್ಲಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ಭಯದಿಂದ ನಾಲ್ಕೈದು ತಾಸು ತೊಳೆಯುವುದೂ ದೋಷವೇ. ಕಾಗದಕ್ಕೆ ಬೆರೆಸಿದ ಹೊಳಪಿನ ವಸ್ತು ತೊಳೆದುಹೋಗಿ ಬಿಳುಪು ಮಂಕಾಗುತ್ತದೆ, ಅಂಚು ಬಿಚ್ಚಿಕೊಳ್ಳುತ್ತದೆ. ಹೊಸ ಪ್ರಿಂಟು ಹಳದಿಯಲ್ಲ, ಸುಮ್ಮನೆ ಮಂದವಾಗಿದೆ ಎನ್ನಿಸಿದರೆ ಈ ಕಾರಣವನ್ನೂ, ಪೇಪರ್ ಹಳೆಯದಾಗಿ ಫಾಗ್ ಆಗಿರುವ ಸಾಧ್ಯತೆಯನ್ನೂ ನೋಡಿ. ಫಾಗ್ ಬೂದು ಬಣ್ಣ, ಡೆವಲಪ್ ಆದ ತಕ್ಷಣವೇ ಕಾಣುತ್ತದೆ.

ಈಗಾಗಲೇ ಮಾಡಿಟ್ಟ ಪ್ರಿಂಟುಗಳು

ಇನ್ನೂ ಬಣ್ಣಗೆಡದ, ಆದರೆ ಪರೀಕ್ಷೆಯಲ್ಲಿ ನಪಾಸಾದ ಪ್ರಿಂಟನ್ನು ಉಳಿಸಬಹುದು. ಬೆಳ್ಳಿ ಉಳಿದಿದ್ದರೆ ಮೊದಲು ಸಾದಾ ನೀರಿನಲ್ಲಿ 10 ನಿಮಿಷ ನೆನೆಸಿ, ಬೇರೆ ಯಾವುದಕ್ಕೂ ಬಳಸದ ಹೊಸ 1+4 ಫಿಕ್ಸರಿನಲ್ಲಿ 1 ನಿಮಿಷ, ನಂತರ ಸಲ್ಫೈಟ್ ಮತ್ತು ನೀರಿನ ಪೂರ್ತಿ ಕ್ರಮ. ಹೈಪೋ ಮಾತ್ರ ಇದ್ದರೆ ನೆನೆಸಿ, ಸಲ್ಫೈಟಿನಿಂದ ಮುಂದಿನದ್ದು ಸಾಕು. ಹಳದಿ ಆಗಲೇ ಬಂದಿದ್ದರೆ ಅದು ಬೆಳ್ಳಿ ಸಲ್ಫೈಡ್. ಮರುತೊಳೆತ ಅದನ್ನು ಅಲ್ಲಿಗೆ ನಿಲ್ಲಿಸಬಹುದು, ಅಳಿಸಲಾರದು. ಹಳೆಯ ಕುಟುಂಬದ ಫೋಟೋ, ಅದರಲ್ಲೂ ನೆಗೆಟಿವ್ ಇಲ್ಲದ್ದು ಇದ್ದರೆ ನೀರಿಗೆ ಹಾಕುವ ಮೊದಲು ಸ್ಕ್ಯಾನ್ ಮಾಡಿಡಿ. ಜೆಲಟಿನ್ ಬಿರುಕು ಬಿಟ್ಟಿದ್ದರೆ, ಶಿಲೀಂಧ್ರ ಹಿಡಿದಿದ್ದರೆ, ಬಣ್ಣ ತುಂಬಿದ ಕೈಕೆಲಸ ಇದ್ದರೆ ನೀರಿಗೆ ಹಾಕಲೇಬೇಡಿ.